ಇಪ್ಪತ್ತಮೂರು ಸದ್ದುಗಳು

ಕಾರ್ಖಾನೆಗೆ ಬೀಗ ಬಿದ್ದ ನಾಲ್ಕನೆಯ ದಿನ ಅವನು ಮನೆಯ ಸದ್ದುಗಳನ್ನು ಪಟ್ಟಿ ಮಾಡಲು ಕೂತ.

ಅವನ ಕಸುಬೇ ಅದು. ನೀರೆತ್ತುವ ಪಂಪುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ, ಮಾಲು ಗೇಟು ದಾಟುವ ಮೊದಲು ಒಂದೊಂದು ಪಂಪಿಗೂ ಕಿವಿ ಕೊಡುವ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ ಸಾಕು, ಒಳಗೆ ಯಾವುದು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಕಂಪನ ಅಳೆಯಲು ಯಂತ್ರ ಬಂದಿತ್ತು, ನಿಜ. ಆದರೆ ಯಂತ್ರ ಹೇಳಿದ್ದನ್ನು ಮೇಲಿನವರು ಇವನ ಹತ್ತಿರ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಹೀಗೆ ಕಳೆದ ಮೇಲೆ ಅವನ ತಲೆಯಲ್ಲಿ ಒಂದು ವಿಚಾರ ಗಟ್ಟಿಯಾಗಿ ಕೂತಿತ್ತು: ಸದ್ದು ಎಂದರೆ ಕಾಯಿಲೆ. ಆರೋಗ್ಯವಾಗಿರುವುದು ಸದ್ದು ಮಾಡುವುದಿಲ್ಲ. ಅವನೂ ಮಾಡುತ್ತಿರಲಿಲ್ಲ. ಬೆಕ್ಕಿನ ಹಾಗೆ ನಡೆಯುತ್ತಿದ್ದ, ಕೇಳಿದ್ದಕ್ಕೆ ಹೆಚ್ಚಾಗಿ ತಲೆಯಾಡಿಸಿ ಉತ್ತರ ಮುಗಿಸುತ್ತಿದ್ದ.

ಮೊದಲ ದೂರು ತಂದವಳು ಹೆಂಡತಿ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಕಾಯಿಲೆಯ ಭಯಕ್ಕೆ ಊರೇ ಮುಚ್ಚಿದ್ದರಿಂದ ಈಗ ಮಲಗುವ ಕೋಣೆಯೇ ಶಾಲೆ, ಪುಸ್ತಕಗಳಿಗೆ ಆನಿಸಿ ನಿಲ್ಲಿಸಿದ ಫೋನೇ ತರಗತಿ.

"ರೀ, ಆ ಬಾಗಿಲಿಗೆ ಒಂದು ಗತಿ ಕಾಣಿಸಿ," ಎಂದಳು. "ಪಾಠದ ಮಧ್ಯೆ ಅಮ್ಮ ತೆಗೆದ್ರು, ಅದು ಕುಂಯ್ ಅಂತು. ಒಬ್ಬ 'ಮಿಸ್, ನಾಯಿಮರಿ ತಂದ್ರಾ' ಅಂತ ಕೇಳ್ದ. ಅಲ್ಲಿಗೆ ನನ್ನ ತ್ರಿಕೋನ ಮುಗೀತು. ಎಲ್ರೂ ಅವರವರ ನಾಯಿ, ಬೆಕ್ಕು ತೋರಿಸ್ಕೊಂಡು ಕೂತ್ರು."

ಒಂದು ಬಾಗಿಲಿಗೆ ನಾಲ್ಕು ಹನಿ ಎಣ್ಣೆ, ಅಷ್ಟಕ್ಕೆ ಮುಗಿಯಬೇಕಾದ ಕೆಲಸ. ಆದರೆ ಅರ್ಧಕ್ಕೆ ನಿಲ್ಲಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಹಳೆಯ ಡೈರಿಯೊಂದರಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ: ಸದ್ದು, ಮೂಲ, ಉಪಾಯ. ಬಾಗಿಲುಗಳು ನಾಲ್ಕು. ಅಡುಗೆಮನೆಯ ನಲ್ಲಿ, ನಿಮಿಷಕ್ಕೆ ಮೂವತ್ತೆಂಟು ಹನಿ. ಕೆಮ್ಮಿ ಕೆಮ್ಮಿ ನಿಲ್ಲುವ ಫ್ರಿಜ್ಜು. ನಡುಮನೆಯ ಗೋಡೆ ಗಡಿಯಾರ. ಪ್ರತಿ ಸುತ್ತಿಗೂ ಒಂದು ಸಲ ಕಟ್ ಎನ್ನುವ ಫ್ಯಾನು. ಅಡುಗೆಮನೆಗೆ ಇಳಿಯುವ ಮೆಟ್ಟಿಲಿಗೆ ಒಂದು ಹೆಜ್ಜೆ ಮುಂಚೆ, ಕಾಲಿಟ್ಟರೆ ಟಕ್ ಎನ್ನುವ ಸಡಿಲವಾದ ಟೈಲು. ಹೀಗೆ ಬರೆಯುತ್ತಾ ಬರೆಯುತ್ತಾ ಇಪ್ಪತ್ತಮೂರಾಯಿತು. ಇಷ್ಟು ರೋಗಿಗಳ ನಡುವೆ ಇಷ್ಟು ವರ್ಷ ಹೇಗೆ ಬದುಕಿದೆ ಎಂದು ಅವನಿಗೇ ಸೋಜಿಗ. ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಏಳಕ್ಕೆ ಬರುವವನಿಗೆ ಮನೆ ಕೇಳಿಸುವುದಾದರೂ ಎಲ್ಲಿಂದ?

ಅಂಗಡಿಗಳು ಮುಚ್ಚಿದ್ದರಿಂದ ಇದ್ದದ್ದರಲ್ಲೇ ಕೆಲಸ ನಡೆಯಿತು. ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ ನಲ್ಲಿಗೆ ವಾಷರ್ ಮಾಡಿದ. ಫ್ರಿಜ್ಜಿನ ಕುಂಟುಕಾಲಿಗೆ ರಟ್ಟು ಮಡಚಿ ಕೊಟ್ಟ. ಮೂಲೆಯಲ್ಲಿ ಉಳಿದಿದ್ದ ಅರ್ಧ ಚೀಲ ಸಿಮೆಂಟು ಟೈಲಿಗಾಯಿತು. ಗಡಿಯಾರವನ್ನು ಮಾತ್ರ ಏನೂ ಮಾಡಲಾಗದೆ ಟವೆಲಿನಲ್ಲಿ ಸುತ್ತಿ ಬೀರುವಿನೊಳಗೆ ಮಲಗಿಸಿದ. ಬಿಚ್ಚಿ ತೆಗೆದ ಚೂರುಪಾರುಗಳನ್ನು ಎಸೆಯದೆ, ಬೆಂಕಿಪೊಟ್ಟಣಗಳಲ್ಲಿ ಹಾಕಿ ಮೇಲೆ ಪಟ್ಟಿಯ ಅಂಕಿ ಬರೆದಿಟ್ಟ. ಕೆಲಸ ಮಾಡುವಾಗ ಅವನಿಗೆ ಗೊತ್ತಿಲ್ಲದ ಹಾಗೆ ಶಿಳ್ಳೆ ಬರುತ್ತಿತ್ತು. ಒಂದೇ ಹಾಡು, ಎರಡನೆಯ ಸಾಲಿಗೆ ಬಂದರೆ ಶ್ರುತಿ ತಪ್ಪಿ ಇನ್ನೆಲ್ಲಿಗೋ ಹೋಗುತ್ತಿತ್ತು.

ಕೆಲಸ ಶುರುವಾದ ಹದಿನೈದನೆಯ ದಿನ ಇಪ್ಪತ್ತಮೂರಕ್ಕೂ ಟಿಕ್ ಬಿತ್ತು. ಅವನು ನಡುಮನೆಯಲ್ಲಿ ಕೂತು ಕಿವಿಗೊಟ್ಟ. ಏನೂ ಇಲ್ಲ. ಹೊರಗೆ ಬೀದಿಯೂ ಸುಮ್ಮನಿತ್ತು.

"ಪಂಪಾಗಿದ್ರೆ ಪಾಸ್ ಮಾಡ್ತಿದ್ದೆ," ಎಂದ.

"ಮನೆ ಅಂದ್ಕೊಂಡೇ ಪಾಸ್ ಮಾಡಿ. ಗ್ಯಾರಂಟಿ ಕಾರ್ಡ್ ನಾನು ಬರೀತೀನಿ," ಎಂದಳು ಹೆಂಡತಿ.

ಕಿಟಕಿಯ ಬಳಿ ಕೂತಿದ್ದ ಅವನ ಅತ್ತೆ, ಹೆಂಡತಿಯ ತಾಯಿ, ಬಟಾಣಿ ಬಿಡಿಸುತ್ತಲೇ ಇದ್ದರು.

ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನ ದನಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದವರು. ನಿವೃತ್ತಿಯಾದ ಮೇಲೆ ಕಣ್ಣು ನಿಧಾನಕ್ಕೆ ಮಂಜಾಗುತ್ತಾ ಹೋಗಿ, ಈಗ ಬೆಳಕು ಯಾವುದು ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ಉಳಿದಿತ್ತು. ಆರು ವರ್ಷದ ಹಿಂದೆ ಮಗಳ ಮನೆಗೆ ಬರುವಾಗ ಒಂದೇ ಷರತ್ತು ಹಾಕಿದ್ದರು. "ಬರ್ತೀನಿ. ಆದ್ರೆ ನನ್ನ ಕೈ ಹಿಡಿದು ಯಾರೂ ನಡೆಸಬಾರದು. ಆ ದಿನ ಬಂದ್ರೆ ನಾನು ಕುರ್ಚಿ ಮೇಜಿನ ಲೆಕ್ಕ." ಆ ಮಾತನ್ನು ಅವರೂ ಉಳಿಸಿಕೊಂಡಿದ್ದರು. ಮನೆಯೊಳಗೆ ಎಷ್ಟು ಚುರುಕಾಗಿ ಓಡಾಡುತ್ತಿದ್ದರೆಂದರೆ, ಬಂದವರು ಟೀ ಕುಡಿದು ಹೊರಡುವವರೆಗೂ ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ತಿಳಿಯುತ್ತಿರಲಿಲ್ಲ.

ಪಟ್ಟಿ ಮುಗಿದ ಮೂರನೆಯ ದಿನ, ಗಾಳಿಗೆ ಅರ್ಧ ತೆರೆದುಕೊಂಡಿದ್ದ ಬಚ್ಚಲಮನೆ ಬಾಗಿಲಿನ ಅಂಚು ಅತ್ತೆಯ ಹುಬ್ಬಿಗೆ ಬಡಿಯಿತು. ರಕ್ತ ಸ್ವಲ್ಪವೇ. ಆದರೆ ಊತ ನಿಂಬೆಹಣ್ಣಿನಷ್ಟಾಯಿತು.

ಹೆಂಡತಿ ಹತ್ತಿ ಒತ್ತುತ್ತಾ ಹೇಳಿದಳು: "ಇನ್ಮೇಲೆ ಒಬ್ಬಳೇ ಓಡಾಡಬೇಡಮ್ಮ. ಕೂಗು, ಬರ್ತೀನಿ. ಈ ಕಾಲದಲ್ಲಿ ಬಿದ್ದು ಮೂಳೆ ಮುರ್ಕೊಂಡ್ರೆ ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿ? ಒಳಗೆ ಬಿಟ್ಟು ನಾವು ಗೇಟಲ್ಲಿ ನಿಂತಿರಬೇಕು."

ಅತ್ತೆ ವಾದಕ್ಕೆ ಇಳಿಯುತ್ತಾರೆ ಎಂದುಕೊಂಡ ಅವನು. ಅವರು "ಆಯ್ತು" ಎಂದರು.

ಅವತ್ತಿನಿಂದ ಅವರು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ನೀರು ಬೇಕಾದರೆ ಕೇಳುವರು. ಬಚ್ಚಲಿಗೆ ಹೋಗಬೇಕಾದರೆ ಪಾಠ ಮುಗಿಯುವವರೆಗೆ ಕಾದು, ಮಗಳು ಬಂದಾಗ ಕೈ ಚಾಚುವರು, ಮುಖವನ್ನು ಮಾತ್ರ ಬೇರೆ ಕಡೆಗೆ ತಿರುಗಿಸಿಕೊಂಡು. ಆ ಚಾಚಿದ ಕೈಯನ್ನು ನೋಡಲಾಗದೆ ಅವನು ಸುಮ್ಮನೆ ಡೈರಿ ತಿರುವಿಹಾಕುತ್ತಿದ್ದ.

"ಅಪ್ಪ, ಅಜ್ಜಿಗೆ ಚಾರ್ಜ್ ಮುಗಿದಿದೆ," ಎಂದಿತು ಗುಬ್ಬಿ, ಏಳು ವರ್ಷದ ಮಗಳು. "ಬಾಗಿಲು ಬಡಿದಿದ್ದಕ್ಕಲ್ಲ, ಅದಕ್ಕಿಂತ ಮುಂಚೇನೇ. ನನ್ನ ಜೊತೆ ಅಡುಗೆಮನೆಗೆ ಬಂದು ಬಿಸ್ಕತ್ತು ಕದಿಯೋದನ್ನೂ ಬಿಟ್ಟುಬಿಟ್ಟಿದಾರೆ."

"ಯಾವಾಗಿಂದ?"

"ಅದೇ, ನೀನು ಗಡಿಯಾರಕ್ಕೆ ಟವೆಲ್ ಸುತ್ತಿದೆಯಲ್ಲ, ಆವಾಗಿಂದ."

ಚೆನ್ನಾಗಿ ಓಡುತ್ತಿದ್ದ ಪಂಪು ಇದ್ದಕ್ಕಿದ್ದಂತೆ ನಿಂತರೆ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಇತ್ತೀಚೆಗೆ ಏನು ಬದಲಾಯಿಸಿದಿರಿ? ತೊಡೆಯ ಮೇಲೆ ಡೈರಿ ತೆರೆದೇ ಇತ್ತು. ಬದಲಾಯಿಸಿದ್ದೆಲ್ಲ ದಿನಾಂಕದ ಸಮೇತ ಅವನದೇ ದುಂಡು ಅಕ್ಷರದಲ್ಲಿತ್ತು.

ಅನುಮಾನ ಬಂದಮೇಲೆ ಪರೀಕ್ಷೆ ಮಾಡದೆ ಬಿಡುವವನಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಹೆಂಡತಿ ಪಾಠದಲ್ಲಿದ್ದಾಗ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಚ್ಚಲಮನೆಯಿಂದ ಅಡುಗೆಮನೆಗೆ ಹೊರಟ. ಹನ್ನೊಂದು ಹೆಜ್ಜೆಯ ದಾರಿ. ನಾಲ್ಕನೆಯ ಹೆಜ್ಜೆಗೇ ತಾನೆಲ್ಲಿದ್ದೇನೆ ಎಂಬುದು ತಪ್ಪಿಹೋಯಿತು. ಕಿವಿ ಚೂಪು ಮಾಡಿದ. ಹಿಡಿದುಕೊಳ್ಳಲು ಒಂದು ಸದ್ದಾದರೂ ಇರಬೇಕಲ್ಲ? ಎಡಕ್ಕೆ ನಲ್ಲಿ ಇರಬೇಕಿತ್ತು. ಎದುರಿಗೆ ಗಡಿಯಾರ, ಬಲಕ್ಕೆ ಫ್ರಿಜ್ಜಿನ ಕೆಮ್ಮು. ಎಲ್ಲವನ್ನೂ ತಾನೇ ಕೈಯಾರೆ ವಾಸಿ ಮಾಡಿಬಿಟ್ಟಿದ್ದ. ಮೆಟ್ಟಿಲು ಬಂತೆಂದು ಹೇಳಬೇಕಿದ್ದ ಟೈಲು ಸಿಮೆಂಟಿನಡಿ ಬಾಯಿ ಮುಚ್ಚಿಕೊಂಡಿತ್ತು. ಕಾಲು ಗಾಳಿಯಲ್ಲಿ ಇಳಿಯಿತು, ಮರುಕ್ಷಣ ಅವನು ಅಕ್ಕಿ ಡಬ್ಬಿಯನ್ನು ಅಪ್ಪಿಕೊಂಡು ನೆಲದ ಮೇಲಿದ್ದ.

"ಅಪ್ಪ, ಒಬ್ಬನೇ ಕಣ್ಣಾಮುಚ್ಚಾಲೆ ಆಡೋಕಾಗಲ್ಲ," ಎಂದಿತು ಗುಬ್ಬಿ ಬಾಗಿಲಲ್ಲಿ ನಿಂತು.

ಮೊಣಕಾಲು ಉಜ್ಜಿಕೊಳ್ಳುತ್ತಾ ಅವನು ಅತ್ತೆಯ ಕುರ್ಚಿಯ ಬಳಿ ಹೋಗಿ ನೆಲದ ಮೇಲೆ ಕೂತ.

"ಅತ್ತೆ, ಆ ನಲ್ಲಿ ಸೋರ್ತಿದ್ದದ್ದು ನಿಮಗೆ ಬೇಕಿತ್ತು, ಅಲ್ವಾ?"

ಅತ್ತೆಯ ಬೆರಳುಗಳು ಬಟಾಣಿಯ ಮೇಲೆ ನಿಂತವು. "ಬಿದ್ದಿದ್ದು ನೀವಾ? ನಾನು ಅಕ್ಕಿ ಡಬ್ಬಿ ಅಂದ್ಕೊಂಡೆ."

"ಎರಡೂ."

ಅವರು ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು: "ಮೊದ್ಲು ಎಂಟು ಗಂಟೆ ಬಸ್ಸು ನಿಂತುಹೋಯ್ತು. ಆಮೇಲೆ ಸ್ಕೂಲ್ ಗಂಟೆ, ಎದುರು ಮನೆ ಗೇಟು. ಅದು ಯಾರ ತಪ್ಪೂ ಅಲ್ಲ, ಕಾಯಿಲೆ ಕಾಲ. ಹೋಗ್ಲಿ, ಮನೆ ಒಳಗಿನ ಲೈನುಗಳಿವೆಯಲ್ಲ ಅಂದ್ಕೊಂಡೆ. ನೀವು ಅವನ್ನೂ ಒಂದೊಂದಾಗಿ ಕಟ್ ಮಾಡ್ತಾ ಬಂದ್ರಿ."

"ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಹೇಳೋಣ ಅಂತಾನೇ ಇದ್ದೆ," ಎಂದು ಅತ್ತೆ ಮತ್ತೆ ಬಟಾಣಿಗೆ ಕೈ ಹಾಕಿದರು. ಯಾಕೆ ಹೇಳಲಿಲ್ಲ ಎಂಬುದನ್ನು ಹೇಳಲಿಲ್ಲ.

ಸದ್ದು ಅಡಗಿಸುವುದಕ್ಕೆ ಹದಿನೈದು ದಿನ ಹಿಡಿದಿತ್ತು. ಅದನ್ನು ವಾಪಸು ತರುವುದು ಇನ್ನೂ ಕಷ್ಟದ ಕೆಲಸ ಎಂದು ಅವನಿಗೆ ಮರುದಿನ ಬೆಳಿಗ್ಗೆಯೇ ತಿಳಿಯಿತು. ಬೆಂಕಿಪೊಟ್ಟಣಗಳು ಇದ್ದದ್ದು ಪುಣ್ಯ. ಐದನೆಯ ಅಂಕಿಯ ಪೊಟ್ಟಣದಲ್ಲಿದ್ದ ಹಳೆಯ ವಾಷರನ್ನು ನಲ್ಲಿಗೆ ಹಾಕಿ, ಕೆಳಗೆ ಬಕೆಟ್ ಇಟ್ಟು, ಕೈಗಡಿಯಾರ ಹಿಡಿದು ಎಣಿಸಿದ. ಮೂವತ್ತೆಂಟು. ರಟ್ಟು ಎಳೆದ ಕೂಡಲೇ ಫ್ರಿಜ್ಜು ಕೆಮ್ಮಿತು. ಗಡಿಯಾರ ಬೀರುವಿನಿಂದ ಎದ್ದು ಗೋಡೆಗೆ ಹೋಯಿತು.

ಬಾಗಿಲುಗಳು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೀಲಿನೊಳಗೆ ಲೋಹ ಲೋಹವನ್ನು ಒಂದು ಕ್ಷಣ ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು, ಆಗಲೇ ಕಿರುಗುಟ್ಟುವುದು. ಎಣ್ಣೆಯ ಪಸೆ ಒಂದಿಷ್ಟು ಉಳಿದರೂ ಅದು ಮೂಕ. ಕೀಲಿನ ಮೊಳೆಗಳನ್ನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗಿಟ್ಟ. ಅತ್ತೆ ಕುರ್ಚಿಯಲ್ಲೇ ಪರೀಕ್ಷಕರಾಗಿ ಕೂತರು. ಬಾಗಿಲು ತೆಗೆದು ಮುಚ್ಚುವ ಕೆಲಸ ಗುಬ್ಬಿಯದು.

"ಇದು ಬಚ್ಚಲಮನೇದಾ? ಅಲ್ಲ ಬಿಡಿ. ಅದು ಇನ್ನೂ ಸ್ವಲ್ಪ ಮೂಗಲ್ಲಿ ಮಾತಾಡ್ತಿತ್ತು."

ಮೊಳೆಯನ್ನು ಕೂದಲೆಳೆಯಷ್ಟು ಬಗ್ಗಿಸಿ ಹಾಕಿದ. "ಈಗ?"

"ನೆಗಡಿ ಜಾಸ್ತಿ ಆಯ್ತು."

ಐದನೆಯ ಸಲಕ್ಕೆ ಅತ್ತೆ ಬೆರಳೆತ್ತಿದರು. "ಹಾಂ, ಇವಳೇ. ಎಲ್ಲಿಗೆ ಹೋಗಿದ್ದೆಯೇ ಇಷ್ಟು ದಿನ?"

ಪಾಠ ಮುಗಿಸಿ ಹೊರಬಂದ ಹೆಂಡತಿ, ಕಳಚಿಬಿದ್ದಿದ್ದ ಬಾಗಿಲನ್ನೂ ಸೀಮೆಎಣ್ಣೆಯ ತಟ್ಟೆಯನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಎರಡು ವಾರ ಕೂತು ರಿಪೇರಿ ಮಾಡಿದ್ದನ್ನ ಈಗ ಕೂತು ಕೆಡಿಸ್ತಿದೀರಾ? ಕಾರ್ಖಾನೆ ಬೇಗ ತೆಗೀದಿದ್ರೆ ನೀವು ಗೋಡೇನೂ ಕೆಡವ್ತೀರಿ."

ಅವನು ವಿಷಯ ಹೇಳಿದ. ಅವಳು ಅಮ್ಮನ ಹುಬ್ಬಿನ ಮೇಲಿನ ಹಸಿರುಗಟ್ಟಿದ ಗಾಯವನ್ನು ಬೆರಳ ತುದಿಯಿಂದ ಸವರಿದಳು. "ಬಾಗಿಲಿನ ಸದ್ದು ಬೇಡ ಅಂದಿದ್ದು ನಾನೇ ಅಲ್ವಾ," ಎಂದಳು ಮೆಲ್ಲಗೆ. ಆಮೇಲೆ, "ಮಲಗೋ ಕೋಣೇದೂ ಮೊದಲಿನ ಹಾಗೇ ಮಾಡಿಬಿಡಿ. ಹುಡುಗರಿಗೆ ನಾಯಿಮರಿ ತಂದೆ ಅಂತಲೇ ಹೇಳ್ತೀನಿ."

ಉಳಿದದ್ದು ಟೈಲು. ಉಳಿಯಿಟ್ಟು ಮೆತ್ತಗೆ ಬಡಿದ, ಅಲುಗಲಿಲ್ಲ. ಇನ್ನೊಂದು ಪೆಟ್ಟು ಕೊಟ್ಟ. ಅದು ಮೂರು ಚೂರಾಗಿ ಒಡೆಯಿತು. ಬೇರೆ ಟೈಲು ತರೋಣವೆಂದರೆ ಅಂಗಡಿ ಇಲ್ಲ. ಒಡೆದ ಚೂರುಗಳನ್ನೇ ಮರಳಿನ ಮೇಲೆ ಜೋಡಿಸಿ ಕಾಲಿಟ್ಟು ನೋಡಿದ. ಟಕ್ ಹೋಗಿ ಟಕಟಕ ಎಂದಿತು.

"ಅತ್ತೆ, ಇದನ್ನ ನಾನು ಹಾಳು ಮಾಡಿಬಿಟ್ಟೆ. ಮೊದಲಿನ ದನಿ ಬರಲ್ಲ."

"ಇನ್ನೊಂದು ಸಲ ತುಳೀರಿ." ಅವರು ಕೇಳಿಸಿಕೊಂಡರು. "ಪರವಾಗಿಲ್ಲ. ಇದಕ್ಕೆ ಹೊಸ ನಂಬರ್ ಕೊಟ್ಟುಕೊಳ್ತೀನಿ."

ಸಂಜೆ ನಾಲ್ಕರ ಹೊತ್ತಿಗೆ ಮನೆ ಮತ್ತೆ ಕೆಮ್ಮುತ್ತಾ, ತೊಟ್ಟಿಕ್ಕುತ್ತಾ, ಗೊಣಗುತ್ತಾ ಇತ್ತು. ಅತ್ತೆ ಕುರ್ಚಿಯ ಕೈಗಳನ್ನು ಒತ್ತಿ ಎದ್ದು ನಿಂತರು. ಹೆಂಡತಿ ಒಂದು ಹೆಜ್ಜೆ ಮುಂದಿಟ್ಟವಳು ಅವನ ಮುಖ ನೋಡಿ ಹಿಂದೆ ಸರಿದಳು. ಗುಬ್ಬಿ ಕೈಯಿಂದ ಬಾಯಿ ಮುಚ್ಚಿಕೊಂಡಿತು.

ಅತ್ತೆ ಗಡಿಯಾರದ ಕಡೆ ನಡೆದರು. ಫ್ರಿಜ್ಜು ಕೆಮ್ಮಿದ ಜಾಗದಲ್ಲಿ ತಿರುಗಿದರು. ಹೆಜ್ಜೆ ಇನ್ನೂ ಮೊದಲಿನಷ್ಟು ಬೀಸಾಗಿರಲಿಲ್ಲ, ಆದರೆ ಕೈ ಚಾಚಿರಲಿಲ್ಲ. ನಡುದಾರಿಯಲ್ಲಿ ನಿಂತುಬಿಟ್ಟರು.

"ಅಳಿಯಂದ್ರು ಎಲ್ಲಿ?"

ಅವನು ಅವರಿಂದ ಎರಡೇ ಅಡಿ ದೂರದಲ್ಲಿ ಗೋಡೆಗೊರಗಿ ಉಸಿರು ಬಿಗಿಹಿಡಿದು ನಿಂತಿದ್ದ. ಅಭ್ಯಾಸಬಲದಿಂದ ತಲೆಯಾಡಿಸಿದ. ಆಮೇಲೆ ತಿಳಿದು, "ಇಲ್ಲೇ ಇದೀನಿ ಅತ್ತೆ," ಎಂದ.

"ಅದೇ ನೋಡಿ. ಈ ಮನೇಲಿ ಆರು ವರ್ಷದಿಂದ ನನಗೆ ಪತ್ತೆ ಸಿಗದ ಲೈನು ಅಂದ್ರೆ ನಿಮ್ಮದೊಂದೇ. ನೀವಿದೀರಿ ಅಂತ ಖಾಲಿ ಕೋಣೆ ಹತ್ರ ಎಷ್ಟು ಸಲ ಮಾತಾಡಿದೀನೋ. ನೀವು ಇದ್ದಾಗ ಇಲ್ಲ ಅಂದ್ಕೊಂಡು ಎದ್ದು ಹೋಗಿದೀನಿ." ಅವರ ಮುಖ ಅವನತ್ತ ತಿರುಗಿತ್ತು, ಒಂದೆರಡು ಇಂಚು ಆಚೀಚೆ. "ಯಾಕೆ ಹೇಳಲಿಲ್ಲ ಅಂತ ಕೇಳಿದ್ರಲ್ಲ. ಕೆಲಸ ಮಾಡುವಾಗ ನೀವು ಶಿಳ್ಳೆ ಹಾಕ್ತಿದ್ರಿ. ಆ ಹದಿನೈದು ದಿನ ನೀವು ಯಾವ ಕೋಣೇಲಿದೀರಿ, ನಿಂತಿದೀರೋ ಕೂತಿದೀರೋ ಎಲ್ಲ ಗೊತ್ತಾಗ್ತಿತ್ತು. ಬೇಡ ಅಂದ್ರೆ ಅದೂ ನಿಂತುಹೋಗತ್ತಲ್ಲ ಅನ್ನಿಸ್ತು. ಒಂದು ಲೈನ್ ಬರ್ಲಿ, ಬೇರೆ ನಾಲ್ಕು ಹೋದ್ರೆ ಹೋಗ್ಲಿ ಅಂದ್ಕೊಂಡೆ. ಇಪ್ಪತ್ತಮೂರೂ ಹೋಗತ್ತೆ ಅಂತ ನನಗೇನು ಗೊತ್ತು?"

ಅವನು ತುಟಿ ಒದ್ದೆ ಮಾಡಿಕೊಂಡು, ಬರುವುದೋ ಇಲ್ಲವೋ ಎಂದು ಅನುಮಾನಿಸುತ್ತಲೇ ಶಿಳ್ಳೆ ಹಾಕಿದ. ಮೊದಲ ಸಾಲು ನೆಟ್ಟಗೆ ಬಂತು. ಎರಡನೆಯದು ಎಂದಿನಂತೆ ದಾರಿ ತಪ್ಪಿತು.

"ಎರಡನೇ ಸಾಲು ತಪ್ಪು," ಎಂದರು ಅತ್ತೆ.

"ಗೊತ್ತು. ಸರಿ ಮಾಡ್ಕೊಳ್ತೀನಿ."

"ಬೇಡ. ಅದನ್ನ ಮುಟ್ಟೋಕೆ ಹೋಗಬೇಡಿ."

ಅಷ್ಟು ಹೇಳಿ ಅವರು ಅವನನ್ನು ಬಳಸಿಕೊಂಡು ಮುಂದೆ ಹೋದರು. ಟೈಲು ಟಕಟಕ ಎಂದಿತು, ಅತ್ತೆ ಅರೆಗಳಿಗೆ ನಿಂತು ಮೆಟ್ಟಿಲು ಇಳಿದರು. ಇನ್ನೊಂದು ಕ್ಷಣಕ್ಕೆ ಅಡುಗೆಮನೆಯಿಂದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಗುಬ್ಬಿ ಅತ್ತ ಓಡಿತು. ಅವನು ನಿಂತಲ್ಲೇ ಹಾಡನ್ನು ಮೊದಲಿನಿಂದ ಶುರು ಮಾಡಿದ.