ಎಣ್ಣೆಯಲ್ಲಿ ನೆನೆದ ತೋಟಾಗಳು

ಎಣ್ಣೆ ಬಿಟ್ಟರೆ ಸರಿಹೋಗದ ವಸ್ತು ಈ ಲೋಕದಲ್ಲೇ ಇಲ್ಲವೆಂದು ಗಡಿಯಾರ ರಿಪೇರಿಯವನು ನಂಬಿದ್ದ. ಕಿರುಗುಡುವ ಬಾಗಿಲು, ಹೆಂಡತಿಯ ಹೊಲಿಗೆ ಯಂತ್ರ, ಅತ್ತೆಯ ಕನ್ನಡಕದ ಕೀಲು, ಯಾವುದನ್ನೂ ಅವನು ಸುಮ್ಮನೆ ಬಿಟ್ಟವನಲ್ಲ. ಹೀಗಿರುವಾಗ ರೈಫಲ್ ಕ್ಲಬ್ಬಿಗೆ ಹೋಗುವ ಹೆಂಡತಿ ಒಂದು ದಿನ, "ಈ ತೋಟಾಗಳು ಒಳಗೆ ಹೋಗೋಕೆ ತುಂಬಾ ಬಿಗಿ ಕಣ್ರೀ" ಎಂದು ಬಾಯಿ ಬಿಟ್ಟಳು. ಆ ಮಹಾನುಭಾವ ಅವಳ ಇಪ್ಪತ್ತು ತೋಟಾಗಳನ್ನೂ ಬಟ್ಟಲಿಗೆ ಸುರಿದು, ತುಕ್ಕು ಹಿಡಿದ ಸ್ಕ್ರೂ ಬಿಡಿಸುವ ತೆಳು ಎಣ್ಣೆಯಲ್ಲಿ ವಾರವಿಡೀ ನೆನೆಹಾಕಿದ. ಆಮೇಲೆ ಒಂದೊಂದನ್ನೂ ಒರೆಸಿ ಡಬ್ಬಿಗೆ ತುಂಬಿಟ್ಟ. ಹೆಂಡತಿಗೆ ಮಾತ್ರ ಒಂದಕ್ಷರ ಹೇಳಲಿಲ್ಲ, ಪಂದ್ಯದ ದಿನ ತಾನಾಗಿ ತಿಳಿದು ಖುಷಿಪಡಲಿ ಎಂದು.

ಅವಳು ದರ್ಜಿ. ಸೂಜಿಗೆ ದಾರ ಪೋಣಿಸುವ ಕಣ್ಣು, ಅಲುಗದ ಕೈ. ಆದರೂ ಮೂರು ವರ್ಷದಿಂದ ಕ್ಲಬ್ಬಿನ ತಂಡಕ್ಕೆ ಸೇರಲು ಆಗಿರಲಿಲ್ಲ. ಟ್ರಿಗರ್ ಒತ್ತುವಾಗ, ಇನ್ನೇನು ಸದ್ದಾಗುತ್ತದೆ ಎಂದು ಗೊತ್ತಾದ ಕೂಡಲೇ ಕಣ್ಣು ಮುಚ್ಚಿ ಭುಜ ಕುಣಿಸಿಬಿಡುತ್ತಿದ್ದಳು. ಗುಂಡು ಗುರಿ ಬಿಟ್ಟು ಎಲ್ಲೋ ಹೋಗುತ್ತಿತ್ತು. ಈ ಸಲ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಹತ್ತು ಗುಂಡಿಗೆ ತೊಂಬತ್ತೆರಡು ಅಂಕ ಬಂದರೆ ಅದು ಅವಳದು, ಇಲ್ಲದಿದ್ದರೆ ರೈಫಲ್ ಮಾರಿಬಿಡುವುದಾಗಿ ಹೇಳಿದ್ದಳು. ಅವಳು ಹೇಳಿದರೆ ಹೇಳಿದಂತೆಯೇ.

ಪಂದ್ಯದ ದಿನ ಗಂಡ ಹಿಂದಿನ ಬೆಂಚಿನಲ್ಲಿ ಎದೆಯುಬ್ಬಿಸಿ ಕೂತ. ಹೆಂಡತಿ ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿದು ಟ್ರಿಗರ್ ಒತ್ತಿದಳು.

ಟಿಕ್.

ಗುಂಡು ಹಾರಲಿಲ್ಲ. ಆದರೆ ಅವಳ ಕಣ್ಣು ಮುಚ್ಚಿತು, ಭುಜ ಎಗರಿತು, ನಳಿಗೆ ಮೂಗು ತಗ್ಗಿಸಿತು. ಸದ್ದೇ ಇಲ್ಲದೆ ಬೆಚ್ಚಿಬಿದ್ದ ಅವಳನ್ನು ಕಂಡು ಯಾರೋ ಕಿಸಕ್ಕನೆ ನಕ್ಕರು.

"ಮೂವತ್ತು ಸೆಕೆಂಡ್! ನಳಿಗೆ ಅಲ್ಲಾಡಿಸ್ಬೇಡಿ!" ಎಂದು ತರಬೇತುದಾರರು ಕೂಗಿದರು. ಹಾರದ ಗುಂಡು ತಡವಾಗಿ ಹಾರಿದರೂ ಹಾರೀತು ಎಂದು ಅಷ್ಟು ಹೊತ್ತು ಕಾಯುವುದು ಅಲ್ಲಿನ ನಿಯಮ. ಅದನ್ನೇ ಕೂಗಿ ಕೂಗಿ ಅವರಿಗೆ 'ಮೂವತ್ತು ಸೆಕೆಂಡ್ ಸಾಹೇಬರು' ಎಂದೇ ಹೆಸರು ಬಿದ್ದಿತ್ತು. ಆಮೇಲೆ ಅವರು ತೋಟಾವನ್ನು ತುಸು ತಿರುಗಿಸಿ, ಬೇರೆ ಕಡೆ ಪೆಟ್ಟು ಬೀಳುವಂತೆ ಮತ್ತೆ ಹಾಕಿಸಿದರು. ಮತ್ತೂ ಟಿಕ್.

"ಈ ಪುಟ್ಟ ತೋಟಾಕ್ಕೆ ಕಿಡಿ ಹತ್ತೋ ಮದ್ದು ಇರೋದು ಬುಡದ ಅಂಚಿನ ಒಳಗೆ. ಒಂದು ಕಡೆ ಇಲ್ದಿದ್ರೂ ಇನ್ನೊಂದು ಕಡೆ ಇರ್ಬೇಕಿತ್ತು" ಎಂದು ಅವರು ಅದನ್ನು ಮೂಸಿ ನೋಡಿದರು. "ಇದೇನ್ರೀ, ಎಣ್ಣೆ ವಾಸನೆ!"

ಬೆಂಚಿನ ಮೇಲಿದ್ದ ಗಂಡನಿಗೆ ಆಗ ಅರ್ಥವಾಯಿತು. ಎಣ್ಣೆ ಒಳಗಿಳಿದು ಮದ್ದನ್ನೇ ನುಂಗಿತ್ತು! ಎದ್ದು ಹೇಳಿಬಿಡಬೇಕೆನಿಸಿತು. ಹೇಡಿ, ಕೂತೇ ಇದ್ದ.

ಹಾರದವು ಲೆಕ್ಕಕ್ಕಿಲ್ಲ, ಆದರೆ ತಂದ ತೋಟಾ ಮುಗಿಯುವ ತನಕ ಬೇರೆಯದು ಕೊಡುವಂತಿಲ್ಲ ಎಂದರು ಸಾಹೇಬರು. ಮುಂದಿನದು ಹಾರಿತು, ಬಂದದ್ದು ಏಳು. ಆಮೇಲೆ ಟಿಕ್, ಮತ್ತೆ ಟಿಕ್, ಆಮೇಲೆ ಢಂ, ಹತ್ತು! ಯಾವುದು ಹಾರುತ್ತದೆ, ಯಾವುದು ಕೈಕೊಡುತ್ತದೆ ಎಂದು ಅವಳಿಗೆ ತಿಳಿಯುವಂತೆಯೇ ಇರಲಿಲ್ಲ. ಸದ್ದಾಗುವುದೇ ಖಾತ್ರಿಯಿಲ್ಲದ ಮೇಲೆ ಕಣ್ಣು ಮುಚ್ಚುವುದಾದರೂ ಯಾವಾಗ? ಭುಜ ಕುಣಿಯುವುದನ್ನೇ ಮರೆಯಿತು. ಒಂಬತ್ತು, ಹತ್ತು, ಹತ್ತು, ನಡುನಡುವೆ ಟಿಕ್. "ಮೂವತ್ತು ಸೆಕೆಂಡ್!" ಎಂದು ಕೂಗಿ ಸಾಹೇಬರ ಗಂಟಲು ಕಟ್ಟಿತು.

ಒಂಬತ್ತು ಗುಂಡಿಗೆ ಎಂಬತ್ತಮೂರು ಆದಾಗ ಅವಳ ಡಬ್ಬಿ ಖಾಲಿ. ಬೇಕಾಗಿದ್ದು ಇನ್ನೊಂದು ಒಂಬತ್ತು, ಪಂದ್ಯದ ಹೊತ್ತು ಮುಗಿಯಲು ಉಳಿದಿದ್ದು ಒಂದು ನಿಮಿಷ. ಸಾಹೇಬರು ಕ್ಲಬ್ಬಿನ ಹೊಸ ಡಬ್ಬಿ ತೆರೆದು ಒಂದು ತೋಟಾ ಕೊಟ್ಟು, "ಇದಂತೂ ಹಾರೇ ಹಾರುತ್ತಮ್ಮಾ, ಅನುಮಾನವೇ ಬೇಡ" ಎಂದು ಧೈರ್ಯ ತುಂಬಿದರು.

ಧೈರ್ಯವೇ ಅವಳಿಗೆ ಮುಳುವು. ಹಾರುತ್ತದೆ ಎಂದು ಕೇಳಿದ್ದೇ ತಡ, ಅವಳ ಭುಜ ಗಟ್ಟಿಯಾಯಿತು, ರೆಪ್ಪೆ ಪಟಪಟನೆ ಬಡಿಯಿತು. ಗಂಡನಿಗೆ ಅದು ಬೆಂಚಿನಿಂದಲೇ ಕಂಡಿತು. ಮೂರು ವರ್ಷ ಅವಳು ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದಿದ್ದೆಲ್ಲ ಅವನ ಕಣ್ಣಮುಂದೆ ಬಂತು. ಮಾನ ಹೋದರೆ ಹೋಗಲಿ ಎಂದು ಎದ್ದು ನಿಂತ.

"ಏಯ್, ಅದನ್ನ ನಂಬ್ಬೇಡ ಕಣೇ! ನಿನ್ನ ತೋಟಾಗಳನ್ನ ಎಣ್ಣೇಲಿ ನೆನೆಹಾಕಿದ್ದು ನಾನೇ! ನಿನ್ನೆ ಇಲ್ಲಿ ಗೋಡೆ ಗಡಿಯಾರ ರಿಪೇರಿಗೆ ಬಂದಾಗ ಆ ಡಬ್ಬೀಗೂ ಎಣ್ಣೆ ಬಿಟ್ಟಿದ್ದೀನಿ!"

ಕೊನೆಯ ಮಾತು ಶುದ್ಧ ಸುಳ್ಳು. ಆ ಡಬ್ಬಿಯನ್ನು ಅವನು ಕಣ್ಣಿಂದಲೂ ಕಂಡವನಲ್ಲ. ಎಲ್ಲರೂ ಬಾಯಿ ಬಿಟ್ಟುಕೊಂಡು ಇವನತ್ತ ತಿರುಗಿದರು, ಸಾಹೇಬರಂತೂ ಕೆಂಡಾಮಂಡಲವಾದರು. ಅವಳ ಭುಜ ಮಾತ್ರ ಸಡಿಲವಾಯಿತು. ಇದೂ ಟಿಕ್ ಅನ್ನುತ್ತದೆ ಬಿಡು ಎಂಬಂತೆ ನಿಟ್ಟುಸಿರು ಬಿಟ್ಟು, ಮೆಲ್ಲಗೆ ಒತ್ತಿದಳು.

ಢಂ! ಹತ್ತು.

ಇವನನ್ನು ಕುತ್ತಿಗೆ ಹಿಡಿದು ಗೇಟಿನಾಚೆ ದಬ್ಬಿ, ಇನ್ನೆಂದೂ ಒಳಗೆ ಕಾಲಿಡಕೂಡದು ಎಂದು ಸಾಹೇಬರು ಚಿಲಕ ಹಾಕಿಕೊಂಡರು. ಅರ್ಧ ಗಂಟೆಯ ಮೇಲೆ ಹೆಂಡತಿ ಹೊರಗೆ ಬಂದಳು. ಇವನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ.

"ಆ ಹೊಸ ಡಬ್ಬಿ ನೀವು ಮುಟ್ಟೇ ಇರ್ಲಿಲ್ಲ, ಅಲ್ವಾ?"

"ಇಲ್ಲ."

ಅವಳು ಬೀದಿಯ ನಡುವೆಯೇ ಅವನ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು, ನಗುವೂ ತಡೆಯಲಾಗುತ್ತಿರಲಿಲ್ಲ.

"ಮುಂದಿನ ತಿಂಗಳು ತಂಡದ ಪಂದ್ಯ. ಬಂದು ಹೀಗೇ ಒಂದು ಸುಳ್ಳು ಹೇಳ್ಬೇಕು."

"ನನ್ನನ್ನ ಒಳಗೆ ಬಿಡಲ್ವಲ್ಲೇ!"

"ಗೇಟಿನ ಹೊರಗಿಂದ್ಲೇ ಕೂಗಿ" ಎಂದಳು ಅವಳು. "ನನಗೆ ಕೇಳ್ಸುತ್ತೆ."