ಐವತ್ತೆಂಟನೆಯ ಮನೆ

ಅಚ್ಚುಮಸಿಯ ವಾಸನೆ, ಸೀಮೆಎಣ್ಣೆ ಚೆಲ್ಲಿದ ಹಾಗೆ, ಅಲ್ಲ, ಸುಟ್ಟ ಹರಳೆಣ್ಣೆಯ ಹಾಗೆ, ಸುರುಳಿ ಸುತ್ತಿದ ಹಾಳೆ ತೊಡೆಯ ಮೇಲಿದೆ, ರೈಲು ಬೀರೂರು ಬಿಟ್ಟಾಯಿತು, ಇನ್ನು ಅಜ್ಜಂಪುರ, ಇನ್ನು ಅಜ್ಜಿ — ಹಾಲಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತಿರುತ್ತಾಳೆ, ತಂದ್ಯೇನೋ ಬಸವರಾಜ ಎನ್ನುತ್ತಾಳೆ, ಆಮೇಲೆ ಏನು ಹೇಳುವುದು, ಬಸವರಾಜನಿಗೆ ತನ್ನ ಎರಡೂ ಕೈಗಳನ್ನು ಕಿಟಕಿಯಾಚೆ ಎಸೆದುಬಿಡಬೇಕೆನ್ನಿಸಿತು, ಹಾವು ಬರೆದ ಕೈಗಳು. ಎದುರಿಗೆ ಮಲ್ಲಿಕಾರ್ಜುನಪ್ಪನವರು, ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಚರಿತ್ರೆ ಹೇಳುವವರು, ಪೇಟ ಮಡಿಲಲ್ಲಿಟ್ಟು ಕಡಲೇಕಾಯಿ ಬಿಡಿಸುತ್ತಿದ್ದಾರೆ, ತಗೊಳ್ಳಯ್ಯ, ನಿನ್ನ ಹೆಸರೂ ಅಚ್ಚಾಗಿದೆ, ಮುಖ ಯಾಕೆ ಹಾಗೆ. ಹೋದ ಬೇಸಿಗೆ ಇದೇ ಮನುಷ್ಯ ಕಡೂರಿನ ಸ್ಕೂಲಿಗೆ ಬಂದು, ಚಿತ್ರ ಬರೆಯೋ ಹುಡುಗ ಯಾರಯ್ಯ ಎಂದದ್ದು, ಹಾವು ಏಣಿ ಆಟದಲ್ಲೇ ನಾಡಿನ ಚರಿತ್ರೆ ಕಲಿಸೋಣ, ನೂರು ಮನೆ, ಮನೆಗೊಂದು ಕಥೆ, ಪುಸ್ತಕ ಕಂಡರೆ ತೂಕಡಿಸೋ ಮಕ್ಕಳು ಕವಡೆ ಕಂಡರೆ ಎದ್ದು ಕೂರ್ತಾವೆ — ಆಗ ದೇವರ ಹಾಗೆ ಕಂಡಿದ್ದರು, ನಿಮ್ಮ ಮನೇಲಿ ಏನಾದರೂ ಕಥೆ ಇದ್ದರೆ ಹೇಳಯ್ಯ ಎಂದಾಗ ಇವನೇ, ಯಾರೂ ಕುತ್ತಿಗೆ ಹಿಡಿದಿರಲಿಲ್ಲ, ಇವನೇ ಹೇಳಿದ್ದು, ಕಂದಾಯ ಕೊಡಲ್ಲ ಎಂದು ಕೂಟ ಕಟ್ಟಿದ ಅಜ್ಜಿಯ ತಾತನನ್ನು ಹುಣಸೆಮರಕ್ಕೆ ನೇತುಹಾಕಿದ ಕಥೆ, ಆಡಿದರೆ ಸಂತತಿಗೂ ಹಗ್ಗ ಎಂದು ಮನೆಯವರೆಲ್ಲ ನುಂಗಿಕೊಂಡ ಕಥೆ, ಅಜ್ಜಿಯ ಬಾಯಿಂದ ಪೂರ್ತಿ ಹೊರಡಿಸಲು ಮೂರು ಭಾನುವಾರ ಬೇಕಾಯಿತು, ಬ್ಯಾಡ ಕಣೋ, ಸರ್ಕಾರದೋರ ಕಿವಿಗೆ ಬಿದ್ದಾತು, ಇಲ್ಲ ಕಣಜ್ಜೀ, ಅಲ್ಲೊಂದು ಏಣಿ ಇಡ್ತೀವಿ, ಸೀದಾ ತೊಂಬತ್ತಕ್ಕೆ, ಊರೂರ ಮಕ್ಕಳು ನಿನ್ನ ತಾತನ ಮನೆಯಿಂದ್ಲೇ ಮೇಲಕ್ಕೆ ಹತ್ತಬೇಕು, ಆಗ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳಲ್ಲ. ಅಂಟಿಸಿಬಿಡಬೇಕಿತ್ತು. ಅಲ್ಲಿಲ್ಲಿ ಸರಿಸಿ ನೋಡಲೆಂದು ಹಾವು ಏಣಿಗಳನ್ನು ಬೇರೆ ಕಾಗದದಲ್ಲಿ ಬರೆದು ಕತ್ತರಿಸಿಟ್ಟಿದ್ದ, ಮೈದಾ ಅಂಟು ಕುದಿಸಿಯೂ ಆಗಿತ್ತು, ಇರಲಿ ಬಿಡಯ್ಯ, ಮೈಸೂರಲ್ಲಿ ನಾನೇ ಅಂಟಿಸ್ತೀನಿ, ಹೂಂ ಸಾರ್, ಇನ್ನೊಂದು ದೊಡ್ಡ ಹಾವು ಬರೆದು ಕಳಿಸು, ಹೂಂ ಸಾರ್, ಎರಡು ದಿನ ಕೂತು ಬರೆದ, ಮೈತುಂಬ ಚುಕ್ಕೆ, ಬಾಯೊಳಗೆ ಕುಂಕುಮದ ಕೆಂಪು, ಯಾವ ಮನೆಗೆ ಎಂದು ಕೇಳಲಿಲ್ಲ, ಯಾಕೆ ಕೇಳಲಿಲ್ಲ. ಈಗ ನೋಡಿದರೆ, ಇಲಾಖೆಯ ಮೇಲಿನೋರು ಒಪ್ಪಲಿಲ್ಲ ಕಣಯ್ಯ, ದಂಗೆ ಎದ್ದೋನಿಗೆ ಏಣಿ ಕೊಟ್ಟಿದ್ದರೆ ಆಟವೇ ಅಚ್ಚಾಗ್ತಿರಲಿಲ್ಲ, ಹಾವಿನ ಬಾಯಲ್ಲಾದರೂ ನೀನು ಬರೆದ ಮರ ಉಳಿಸಿದೀನಲ್ಲ, ಅದಕ್ಕೇ ಎಷ್ಟು ಜನರ ಕಾಲು ಹಿಡಿದೆ ಗೊತ್ತೇನು. ಹರಿದು ಮುಖಕ್ಕೆ ಎಸೆಯಬೇಕು, ಎಸೆದರೆ ಇದೊಂದು ಹರಿಯುತ್ತದೆ, ಸಾವಿರ ಹಾಳೆ ಸ್ಕೂಲು ಸ್ಕೂಲಿಗೆ ಹೊರಟುಹೋಗಿವೆ, ಬಾಯಲ್ಲಿ ಕಡಲೇಕಾಯಿ, ಯಾವಾಗ ಇಸಕೊಂಡೆ, ಥೂ — ಚೆನ್ನಾಗಿ ಬಂದಿದೆ ಸಾರ್, ಎಂದದ್ದು ತನ್ನದೇ ದನಿ.

ಜಗುಲಿಯ ಮೇಲೆ ಸುರುಳಿ ಮತ್ತೆ ಮತ್ತೆ ಮುದುಡಿಕೊಳ್ಳುತ್ತದೆ, ಅಜ್ಜಿಯೇ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಳು. ಓದು ಬಾರದವಳು, ಆದರೆ ಹಾವು ಏಣಿ ಬರುತ್ತದೆ, ಪಾಪ ಮಾಡ್ದೋರು ಹಾವಿನ ಬಾಯಿಗೆ ಬೀಳ್ತಾರೆ ಕಣೋ ಎಂದು ಇವನಿಗೆ ಕಲಿಸಿದ್ದೇ ಅವಳು. ಎಷ್ಟನೇದರಲ್ಲವ್ನೋ ನಮ್ಮ ತಾತ, ಐವತ್ತೆಂಟು ಕಣಜ್ಜೀ, ತಡಿ, ತೋರಿಸಬ್ಯಾಡ, ನಾನೇ ಹುಡುಕ್ತೀನಿ, ಪೊರೆ ಬಂದ ಕಣ್ಣನ್ನು ಹಾಳೆಗೆ ತಗುಲಿಸಿ ಒಂದರಿಂದ ಹೊರಟಿದೆ ಅವಳ ಬೆರಳು, ಸಾಲಿನ ಕೊನೆಗೆ ನೇಗಿಲು ತಿರುಗಿದ ಹಾಗೆ ತಿರುಗುತ್ತದೆ, ಮೂವತ್ತು, ನಲವತ್ತು, ಅಂಗೈ ಅಡ್ಡ ಇಟ್ಟುಬಿಟ್ಟರೆ, ಅಜ್ಜೀ ಇನ್ನೊಂದಿನ ನೋಡುವಂತೆ ಎಂದುಬಿಟ್ಟರೆ, ಕೈ ಏಳುವುದಿಲ್ಲ, ಐವತ್ತೈದು, ಹೇಳು, ಈಗಲೇ ಹೇಳು, ಐವತ್ತಾರು, ಏಣಿ ಎಲ್ಲೈತೋ ಮಗ, ಕಾಣವಲ್ದು, ಐವತ್ತೇಳು — ಕುಂಕುಮದ ಕೆಂಪು, ಬೇರಿನಿಂದ ತುದಿಯವರೆಗೆ ಹುಣಸೆಮರ, ಅದರ ಸುತ್ತ ತೆರೆದುಕೊಂಡ ಹಾವಿನ ಬಾಯಿ, ಬಾಯಿಯ ಅಂಚಿಗೆ ಬಂದು ನಿಂತ ಬೆರಳು.