ಅಂಚೆಯಜ್ಜನ ಕಾಲಿಗೆ ಬೆಚ್ಚನೆಯ ನೀರು

ಗೀಸರ್ ರಿಪೇರಿಯವನಿಗೆ ಜನ ಇಟ್ಟ ಹೆಸರು ನಿಧಾನಪ್ಪ. ಸ್ಕ್ರೂ ಬಿಚ್ಚುವ ಮುಂಚೆ ಕಣ್ಣು ಮುಚ್ಚಿ ದೇವರನ್ನು ನೆನೆಯುವನು, ಆಮೇಲೆ ಯಂತ್ರಕ್ಕೆ ಕಿವಿಗೊಟ್ಟು ನಿಲ್ಲುವನು. ತನ್ನ ರೋಗ ಹೇಳಿಕೊಳ್ಳಲು ಅದಕ್ಕೂ ಪುರುಸೊತ್ತು ಬೇಡವೇ ಎಂಬುದು ಅವನ ಮತ.

ಆ ಬೆಳಿಗ್ಗೆ ಅವನು ನಿಂತದ್ದು ಅಂಚೆಯಜ್ಜನ ಹಿತ್ತಿಲಲ್ಲಿ, ಬಚ್ಚಲಗೋಡೆಗೆ ಜಡಿದ ಗ್ಯಾಸ್ ಗೀಸರಿನ ಮುಂದೆ. ಮೂವತ್ತು ವರ್ಷ ಬೀದಿಬೀದಿ ಸುತ್ತಿ ಕಾಗದ ಹಂಚಿದ ಕಾಲುಗಳು ಅಜ್ಜನವು. ಸಕ್ಕರೆ ಕಾಯಿಲೆ ಈಗ ಅವುಗಳ ಅರಿವನ್ನೇ ತಿಂದುಹಾಕಿತ್ತು. ಮುಳ್ಳು ಚುಚ್ಚಿದರೂ ತಿಳಿಯದು, ಕೆಂಡ ತಾಗಿದರೂ ತಿಳಿಯದು. ಬಲಪಾದದ ಹುಣ್ಣು ಮೂರು ತಿಂಗಳಿಗೆ ಈಗಷ್ಟೇ ವಾಸಿಯಾಗಿತ್ತು. ಇನ್ನೊಮ್ಮೆ ಬಾಯಿಬಿಟ್ಟರೆ ಪಾದ ಉಳಿಯದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ದಿನವೂ ಉಗುರುಬೆಚ್ಚನೆಯ ನೀರಲ್ಲಿ ತೊಳೆಯಬೇಕು. ಗೀಸರ್ ನೋಡಿದರೆ ಎರಡೇ ನಿಮಿಷ ಉರಿದು ಆರುತ್ತಿತ್ತು.

“ಕಾವು ಮಿತಿಮೀರಿ ತಾನೇ ಆರ್ತಿದೆ,” ಎಂದ ನಿಧಾನಪ್ಪ. “ನೀರು ಸಾಲ್ತಿಲ್ಲ. ಎಲ್ಲೋ ಕಟ್ಟಿಕೊಂಡಿದೆ.”

“ಬರ್ತಾನೇ ಇದೆಯಲ್ರೀ ನೀರು!” ಅಜ್ಜನ ಮಗ ಗಡಿಯಾರ ನೋಡಿಕೊಂಡ. “ಕಾವು ನೋಡೋ ಸೆನ್ಸರ್ ಕೆಟ್ಟಿರಬೇಕು. ಅದರ ಎರಡು ವೈರು ಸೇರಿಸಿ ಗಂಟು ಹಾಕಿ, ಆಯ್ತು. ನಾನು ಕೆಲಸಕ್ಕೆ ಹೊರಡಬೇಕು.”

“ಅದು ಮನೆ ಕಾಯೋ ನಾಯಿ ಸ್ವಾಮಿ. ಬೊಗಳುತ್ತೆ ಅಂತ ಬಾಯಿ ಹೊಲಿದರೆ ಕಳ್ಳ ಹೋಗ್ತಾನಾ?”

“ನಾಯಿ ಪುರಾಣ ಆಮೇಲೆ ಹೇಳಿ. ಅಪ್ಪ ಅರ್ಧ ಗಂಟೆಯಿಂದ ಬಚ್ಚಲಲ್ಲಿ ಕೂತಿದಾರೆ.”

ನಿಧಾನಪ್ಪ ದೊಡ್ಡ ಸ್ಪ್ಯಾನರ್ ತರಲು ಕಾಂಪೌಂಡಿನಾಚೆ ನಿಲ್ಲಿಸಿದ್ದ ಸ್ಕೂಟರಿನತ್ತ ಹೋದ. ಚೀಲ ತಡಕುತ್ತಿದ್ದಾಗ ‘ಭುಸ್’ ಎಂದಿತು ಉರಿ. ತಾನು ಹಚ್ಚಿಲ್ಲವಲ್ಲ! ಈಗ ಆರೀತು ಎಂದುಕೊಂಡ. ಎರಡು ನಿಮಿಷ ಕಳೆಯಿತು, ಮೂರಾಯಿತು. ಆರಲಿಲ್ಲ. ಉರಿಯ ಭೋರ್ಗರೆತದ ಕೆಳಗೆ ನೀರಿನ ಸದ್ದು ಮಾತ್ರ ನೂಲಿನಷ್ಟು ತೆಳ್ಳಗಿತ್ತು.

ಹುಟ್ಟಿದಾರಭ್ಯ ಓಡದವನು ಓಡಿದ.

“ನೋಡಿ, ಹೆಂಗೆ ಓಡ್ತಿದೆ!” ಮಗ ಗೀಸರಿನೆದುರು ಬೀಗುತ್ತ ನಿಂತಿದ್ದ. ಸೆನ್ಸರಿನ ವೈರುಗಳು ಗಂಟುಬಿದ್ದಿದ್ದವು. ಉರಿ ಆರಿಸಬಹುದಿತ್ತು, ಆದರೆ ಆಗಲೇ ಒಳಗೆ ಬೋಗುಣಿಗೆ ಬಿದ್ದ ನೀರು ತಣ್ಣಗಾಗುವುದೇ? ನಿಧಾನಪ್ಪ ಅವನನ್ನು ದೂಡಿಕೊಂಡು ಬಚ್ಚಲಿಗೆ ನುಗ್ಗಿದ.

ಹಬೆಯಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ. ಅಜ್ಜ ಕುರ್ಚಿಯಲ್ಲಿದ್ದ. ಕಾದು ಸಾಕಾಗಿದ್ದ ಅಜ್ಜಿ ನೀರು ಮುಟ್ಟಿಯೂ ನೋಡದೆ ಎದುರಿಗೆ ಕೂತು, ಕೂಸನ್ನೆತ್ತುವಂತೆ ಅವನ ಬಲಗಾಲನ್ನೆತ್ತಿ ಬೋಗುಣಿಯ ಮೇಲೆ ಹಿಡಿದಿದ್ದಳು.

“ಅಮ್ಮಾ, ಬೇಡ!”

ಉರಿಯ ಸದ್ದಿನಲ್ಲಿ ಕೂಗು ಅಡಗಿತು. ಹಿಮ್ಮಡಿಗೂ ನೀರಿಗೂ ಗೇಣು ಉಳಿದಿತ್ತು. ನಿಧಾನಪ್ಪ ಬೋಗುಣಿಯನ್ನು ಒದ್ದ. ಅದು ಮಗುಚಿ, ಕುದಿನೀರು ಅವನ ಪಾದದ ಮೇಲೇ ಹರಿಯಿತು.

“ಅಯ್ಯೋ ಶಿವನೇ!” ಎಂದು ಒಂಟಿಕಾಲಲ್ಲಿ ಕುಣಿದ.

“ಸುಟ್ಟಿತಾ?” ಅಜ್ಜ ಕೇಳಿದ.

“ಸುಟ್ಟಿತು ಯಜಮಾನ್ರೇ!”

“ಪುಣ್ಯವಂತ ಕಣಪ್ಪ ನೀನು,” ಎಂದ ಅಜ್ಜ. ಕುಹಕವಿರಲಿಲ್ಲ, ಆಸೆಯಿತ್ತು. “ನನಗಾಗಿದ್ರೆ ‘ಇನ್ನೂ ಸ್ವಲ್ಪ ಬಿಸಿ ಬಿಡೇ’ ಅಂತಿದ್ದೆ.”

ಬಾಗಿಲಲ್ಲಿ ನಿಂತ ಮಗನ ಮುಖ ಸುಣ್ಣವಾಯಿತು. ಹಿತ್ತಿಲಿಗೆ ಹೋಗಿ ಗ್ಯಾಸ್ ಆರಿಸಿ, ವೈರಿನ ಗಂಟು ಬಿಚ್ಚಿದ. ಆಫೀಸಿನಿಂದ ಫೋನು ಬಡಿದುಕೊಳ್ಳುತ್ತಿತ್ತು, ತೆಗೆಯಲಿಲ್ಲ.

ಸುಟ್ಟ ಕಾಲಿಗೆ ತಣ್ಣೀರು ಸುರಿದುಕೊಂಡು ನಿಧಾನಪ್ಪ ಗೀಸರಿಗೆ ನೀರು ಬರುವ ಪೈಪಿನ ಜೋಡಣೆ ಬಿಚ್ಚಿದ. ಎರಡು ಮಡಿಕೆಯ ಬಟ್ಟೆ, ಸುಣ್ಣ ಕಟ್ಟಿ ಹಪ್ಪಳದಂತೆ ಗಡುಸಾಗಿ ಈಚೆ ಬಂತು.

ಅಜ್ಜಿ ಬಾಯಿಗೆ ಸೆರಗೊತ್ತಿದಳು. “ನಾನೇ ಹಾಕಿಸಿದ್ದು ಕಣಪ್ಪ. ನಲ್ಲಿಯವನು ಬೇಡಮ್ಮ ಅಂದ. ನಾನೇ ಹಟ ಹಿಡಿದೆ. ಹುಣ್ಣಿಗೆ ಒಂದು ಕಣ ಮರಳೂ ಸೋಕಬಾರದು ಅಂತ...”

“ಒಳ್ಳೇ ಮನಸ್ಸಿಂದಲೇ ಹಾಕಿದ್ರಿ ತಾಯಿ. ತಿಂಗಳಿಗೊಮ್ಮೆ ತೆಗೆದು ತೊಳೀಬೇಕಿತ್ತು, ಅಷ್ಟೇ.”

ಬಟ್ಟೆ ಹೋಗಿ ಜಾಲರಿ ಬಂತು. ನೀರು ದಪ್ಪನಾಗಿ ಧುಮುಕಿತು, ಉರಿ ಹದವಾಗಿ ನಿಂತಿತು. ಹತ್ತು ನಿಮಿಷ ಕಳೆದರೂ ಆರಲಿಲ್ಲ.

ಮಗ ಪ್ಯಾಂಟು ಮಡಚಿ ಬೋಗುಣಿಯ ಮುಂದೆ ಕೂತ. ಮೊಣಕೈ ಅದ್ದಿ ನೋಡಿದ. ತೆಗೆದು, ಮತ್ತೆ ಅದ್ದಿದ. ತನ್ನ ಚರ್ಮವನ್ನೇ ನಂಬದವನಂತೆ ಮೂರನೆಯ ಸಲವೂ ಅದ್ದಿದ.

“ಸಾಕೋ,” ಎಂದಳು ಅಜ್ಜಿ.

“ಇರಮ್ಮ,” ಎಂದು, ಆಮೇಲೆ ಅಪ್ಪನ ಪಾದಕ್ಕೆ ಕೈಚಾಚಿದ.